ಎರಡನೆಯ ಸಲ ಹೋಗುವ ತನಕ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು. ಕೆಲಸದ ಮೇಲೆ ಹೊಸ ನಗರ ಸೇರಿದ ಊಟಪ್ರಿಯರು, ಅಲ್ಲಿನ ರೆಸ್ಟೋರೆಂಟು, ಬಾರುಗಳ ಪರಿಚಯ ಮಾಡಿಕೊಳ್ಳುವುದು ಹೇಗೆಂದು ಕೇಳಿದ್ದಾರೆ. ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇನೆ. ತಮ್ಮ ನಗರ ಯಾವುದೆಂದು ಯಾರೂ ಬರೆದಿಲ್ಲ. ಬರೆದಿದ್ದರೂ ನಾನು ವಿಳಾಸಗಳ ಪಟ್ಟಿ ಕೊಡುತ್ತಿರಲಿಲ್ಲ.

ಪ್ರಶ್ನೆ: ಹೊಸ ನಗರಕ್ಕೆ ಬಂದು ಒಂದು ತಿಂಗಳಾಯಿತು. ಫೋನಿನಲ್ಲಿ ಹುಡುಕಿದರೆ ನೂರಾರು ರೆಸ್ಟೋರೆಂಟುಗಳು ಬರುತ್ತವೆ, ಎಲ್ಲಕ್ಕೂ ನಾಲ್ಕು ಚಿಲ್ಲರೆ ನಕ್ಷತ್ರಗಳಿರುತ್ತವೆ. ಅದನ್ನು ನಂಬಿ ಹೋದ ಐದು ಕಡೆಗಳಲ್ಲಿ ಮೂರು ಕಡೆ ನಿರಾಸೆಯಾಯಿತು. ಯಾರನ್ನು ನಂಬಬೇಕು?

ಉತ್ತರ: ಆ ನಕ್ಷತ್ರಗಳೊಳಗೆ ಅಡುಗೆಯ ಗುಣದ ಜೊತೆಗೆ, ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲವೆಂಬ ಸಿಟ್ಟು, ಹುಟ್ಟುಹಬ್ಬದ ದಿನ ಪುಕ್ಕಟೆ ಬಂದ ಸಿಹಿಯ ಖುಷಿ, ಪಾರ್ಸಲ್ ತಡವಾದ ಬೇಸರ ಎಲ್ಲವೂ ಕರಗಿ ಒಂದು ಅಂಕಿಯಾಗಿ ಕುಳಿತಿರುತ್ತವೆ. ಬಹಳ ಮೆಚ್ಚಿದವರೂ ಬಹಳ ಕೆರಳಿದವರೂ ಬರೆಯುವಷ್ಟು ಉತ್ಸಾಹದಿಂದ, ‘ಪರವಾಗಿಲ್ಲ’ ಎಂದುಕೊಂಡು ಎದ್ದುಹೋದವರು ಬರೆಯುವುದಿಲ್ಲ. ಹಾಗಾಗಿ 4.2ಕ್ಕೂ 4.4ಕ್ಕೂ ಇರುವ ವ್ಯತ್ಯಾಸದಿಂದ ನಿಮ್ಮ ನಾಲಿಗೆಗೆ ತಿಳಿಯುವಂಥದ್ದು ಏನೂ ಇಲ್ಲ. 2017ರಲ್ಲಿ ಊಬಾ ಬಟ್ಲರ್ ಎಂಬ ಬರಹಗಾರರು ಲಂಡನ್ನಿನಲ್ಲಿ ತಾವು ವಾಸವಿದ್ದ ಹಿತ್ತಲಿನ ಶೆಡ್ಡನ್ನು ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್ ಎಂಬ ವಿಮರ್ಶೆಗಳ ಜಾಲತಾಣದಲ್ಲಿ ದಾಖಲಿಸಿ, ಪರಿಚಿತರಿಂದ ಹೊಗಳಿಕೆ ಬರೆಸಿ, ಶೇವಿಂಗ್ ಫೋಮ್‌ನಂಥ ವಸ್ತುಗಳಿಂದ ಸಜ್ಜುಗೊಳಿಸಿದ ತಟ್ಟೆಗಳ ಫೋಟೊ ಹಾಕಿ, ಒಬ್ಬ ಗಿರಾಕಿಗೂ ತುತ್ತು ಬಡಿಸದೆ, ಕೆಲವೇ ತಿಂಗಳಲ್ಲಿ ಅದನ್ನು ಆ ಮಹಾನಗರದ ಮೊದಲ ಸ್ಥಾನಕ್ಕೆ ಏರಿಸಿದರು. ಮೇಜು ಕಾಯ್ದಿರಿಸಲು ಕರೆ ಮಾಡಿದವರಿಗೆಲ್ಲ ಜಾಗವಿಲ್ಲ ಎನ್ನುತ್ತಿದ್ದರಂತೆ. ಇಲ್ಲವೆಂದಷ್ಟೂ ಕರೆಗಳು ಹೆಚ್ಚಾದವು.

ಹಾಗೆಂದು ಆ ಬರಹಗಳನ್ನು ಓದುವುದನ್ನೇ ಬಿಡಬೇಕಾಗಿಲ್ಲ. ಅಂಕಿಯನ್ನು ಮುಚ್ಚಿಟ್ಟು ಮಾತುಗಳನ್ನು ಓದಿ. ಐದು ನಕ್ಷತ್ರದವರಿಗಿಂತ ಮೂರು ನಕ್ಷತ್ರ ಕೊಟ್ಟವರು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದಾರೆ, ಏಕೆಂದರೆ ಇಷ್ಟವಾದದ್ದು ಇಂಥದ್ದು, ಆಗದಿದ್ದದ್ದು ಇಂಥದ್ದು ಎಂದು ಅವರು ಬಿಡಿಸಿ ಹೇಳುತ್ತಾರೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕೈದು ಜನ ಒಂದೇ ತಿನಿಸಿನ ಹೆಸರನ್ನು ಹೇಳಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಮಾಲೀಕರು ಹಾಕಿದ ಫೋಟೊಗಳನ್ನು ಬಿಟ್ಟು, ಉಂಡವರು ಮಂದ ಬೆಳಕಿನಲ್ಲಿ ಅವಸರದಿಂದ ತೆಗೆದವುಗಳನ್ನು ನೋಡಿ.

ಇದಕ್ಕಿಂತ ಒಳ್ಳೆಯ ದಾರಿ ಬಾಯಿಬಿಟ್ಟು ಕೇಳುವುದು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತು ಊಟದ ಹುಡುಕಾಟಕ್ಕೆ ಅಕ್ಷರಶಃ ಸಲ್ಲುತ್ತದೆ. ಆದರೆ ಪ್ರಶ್ನೆ ಸರಿಯಾಗಿರಬೇಕು. ‘ಇಲ್ಲಿ ಒಳ್ಳೆಯ ಜಾಗ ಯಾವುದು’ ಎಂದು ಕೇಳಿದರೆ ಎದುರಿನವರು ನಿಮ್ಮ ಬಟ್ಟೆ, ಭಾಷೆ ನೋಡಿ, ನಿಮಗೆ ಹಿಡಿಸಬಹುದೆಂದು ಅವರು ಊಹಿಸಿದ ಹೆಸರನ್ನು ಹೇಳುತ್ತಾರೆ. ‘ಕಳೆದ ವಾರ ನೀವು ಹೊರಗೆ ಎಲ್ಲಿ ಊಟ ಮಾಡಿದಿರಿ’ ಎಂದು ಕೇಳಿದರೆ ಉತ್ತರ ನೆನಪಿನಿಂದ ಬರುತ್ತದೆ. ತರಕಾರಿ, ಮೀನು, ಮಾಂಸ ಮಾರುವವರನ್ನು ಕೇಳುವುದು ಇನ್ನೂ ಮೇಲು. ಯಾವ ಅಡುಗೆಮನೆ ದಿನವೂ ಆರಿಸಿ ಕೊಳ್ಳುತ್ತದೆ, ಯಾವುದು ಬಾಡಿದ್ದನ್ನು ಚೌಕಾಸಿ ಮಾಡಿ ಒಯ್ಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಒಳಗೆ ಹೋದ ಮೇಲೆ ಮೆನುವಿನ ಉದ್ದವನ್ನು ಗಮನಿಸಿ. ನಾಲ್ಕೈದು ಜನ ದುಡಿಯುವ ಅಡುಗೆಮನೆ ಇನ್ನೂರು ಬಗೆಯನ್ನು ಹೊಸದಾಗಿ ಮಾಡಲಾರದು. ಮೂರು ನಾಲ್ಕು ಮೂಲ ಸಾರುಗಳು, ಫ್ರೀಜರ್‌ನಲ್ಲಿಟ್ಟ ಹೋಳುಗಳು ಬೇರೆ ಬೇರೆ ಹೆಸರು ಹೊತ್ತು ಬರುತ್ತಿರುತ್ತವೆ. ಬಡಿಸುವವರನ್ನು ‘ಯಾವುದು ಚೆನ್ನಾಗಿರುತ್ತದೆ’ ಎಂದರೆ ‘ಎಲ್ಲವೂ’ ಎನ್ನುತ್ತಾರೆ. ಈ ಹೊತ್ತಿನಲ್ಲಿ ಒಳಗಿನಿಂದ ಹೆಚ್ಚು ಹೋಗುತ್ತಿರುವುದು ಯಾವುದು ಎಂದು ಕೇಳಿ ನೋಡಿ.

ಪ್ರಶ್ನೆ: ಇಲ್ಲಿ ಬಂದು ಮೂರು ತಿಂಗಳಲ್ಲಿ ನನಗೆ ಮೂರು ಜಾಗಗಳು ಹಿಡಿಸಿವೆ. ವಾರಕ್ಕೊಮ್ಮೆ ಹೊರಗೆ ಉಣ್ಣುತ್ತೇನೆ. ಈಗ ಸರದಿಯಂತೆ ಅವೇ ಮೂರಕ್ಕೆ ಹೋಗುತ್ತಿದ್ದೇನೆ. ಇನ್ನೂ ಒಂದೂವರೆ ವರ್ಷ ಇಲ್ಲಿರುತ್ತೇನೆ. ಏನನ್ನಾದರೂ ಕಳೆದುಕೊಳ್ಳುತ್ತಿದ್ದೇನೆಯೇ?

ಉತ್ತರ: ನಿಮ್ಮ ಪ್ರಶ್ನೆಗೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಲೆಕ್ಕ ಹಾಕಿದ್ದರು. 1970ರ ದಶಕದಲ್ಲಿ ಗೆಳೆಯ ರಾಲ್ಫ್ ಲೇಟನ್ ಜೊತೆ ಊಟಕ್ಕೆ ಕುಳಿತಾಗ, ಈಗಾಗಲೇ ಮೆಚ್ಚಿದ ತಿನಿಸನ್ನೇ ತರಿಸಬೇಕೋ ಹೊಸದನ್ನು ಪರೀಕ್ಷಿಸಬೇಕೋ ಎಂಬ ಮಾತು ಬಂತು. ಫೈನ್‌ಮನ್ ಅದನ್ನು ಗಣಿತವಾಗಿ ಬಿಡಿಸಿದರು. ಸರಳವಾಗಿ ಹೇಳುವುದಾದರೆ, ಹೊಸ ಜಾಗವೊಂದಕ್ಕೆ ಸೊನ್ನೆಯಿಂದ ನೂರರವರೆಗೆ ಯಾವ ಅಂಕ ಬರುವುದಕ್ಕೂ ಒಂದೇ ಸಮನಾದ ಸಾಧ್ಯತೆ ಇದೆ ಎಂದುಕೊಳ್ಳಿ. ನಿಮ್ಮ ಪಾಲಿಗೆ ಆ ಊರಿನಲ್ಲಿ ಉಳಿದಿರುವ ಊಟಗಳ ಸಂಖ್ಯೆಯ ವರ್ಗಮೂಲವನ್ನು ತೆಗೆದು, ಅದನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಹುಡುಕಾಟ ನಿಲ್ಲಿಸಬಹುದಾದ ಹೊಸ್ತಿಲು. 81 ಊಟ ಉಳಿದಿದ್ದರೆ ವರ್ಗಮೂಲ 9. 9ನ್ನು 10ರಿಂದ ಭಾಗಿಸಿದರೆ 0.9, ಅಂದರೆ 90 ಅಂಕ. 9 ಊಟ ಉಳಿದಾಗ 75 ಅಂಕದ ಜಾಗ ಸಾಕು. ಕೊನೆಯ ಒಂದೇ ಊಟ ಉಳಿದಿದ್ದರೆ 50 ದಾಟಿದ ಯಾವುದಾದರೂ ಪರಿಚಿತ ಜಾಗಕ್ಕೆ ನಿಶ್ಚಿಂತೆಯಿಂದ ಹೋಗಬಹುದು.

ವಾರಕ್ಕೊಂದರಂತೆ ನಿಮಗೆ ಇನ್ನೂ ಸುಮಾರು ಎಂಬತ್ತು ಊಟಗಳಿವೆ. ನಿಮ್ಮ ಮೂರು ಜಾಗಗಳಲ್ಲಿ ಅತ್ಯುತ್ತಮವಾದದ್ದಕ್ಕೆ ಸಂಕೋಚವಿಲ್ಲದೆ ಅಂಕ ಕೊಡಿ. ಅದು 90 ಮುಟ್ಟದಿದ್ದರೆ ನೀವು ಬಹಳ ಬೇಗ ನೆಲೆ ನಿಂತಿದ್ದೀರಿ ಎಂದೇ ಅರ್ಥ. ಊರು ಬಿಡುವ ಕಡೆಯ ತಿಂಗಳುಗಳಲ್ಲಿ ಮಾಡಬೇಕಾದದ್ದನ್ನು ಈಗಲೇ ಮಾಡುತ್ತಿದ್ದೀರಿ. ಸದ್ಯಕ್ಕೆ ನಾಲ್ಕು ವಾರದಲ್ಲಿ ಮೂರನ್ನು ಹೊಸದಕ್ಕೆ ಮೀಸಲಿಟ್ಟು, ಒಂದು ವಾರ ಹಳೆಯ ಪ್ರೀತಿಯ ಜಾಗಕ್ಕೆ ಹೋಗಿ ಬನ್ನಿ. ಲೆಕ್ಕದ ಪ್ರಕಾರ ಆ ಒಂದು ವಾರವೂ ಹೊಸದಕ್ಕೇ ಸೇರಬೇಕು, ಆದರೆ ಸಂಖ್ಯಾಶಾಸ್ತ್ರಕ್ಕಾಗಿ ಯಾರೂ ಉಪವಾಸ ಬೀಳಬೇಕಾಗಿಲ್ಲ.

ಈ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆಯಿದೆ: ಒಂದೇ ಊಟದಿಂದ ಅಂಕ ಖಚಿತವಾಗಿ ತಿಳಿದುಬಿಡುತ್ತದೆ ಎಂದು ಅದು ನಂಬುತ್ತದೆ. ನನ್ನ ಅನುಭವದಲ್ಲಿ ಮೊದಲ ಭೇಟಿಯ ತೀರ್ಪಿನಲ್ಲಿ ಅರ್ಧ ಭಾಗ ನಮ್ಮ ಆ ದಿನದ ಸ್ಥಿತಿಯದು. ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳದ್ದು. ಸಣ್ಣ ನೆಗಡಿಯಿದ್ದರೂ ಆ ಪಾಲು ಹೋಗುತ್ತದೆ. ಸದ್ದಿನ ಪ್ರಭಾವವೂ ಇದೆ. ವಿಮಾನದೊಳಗಿನ ಶಬ್ದದಂತೆ ಸುಮಾರು 85 ಡೆಸಿಬೆಲ್ ಸದ್ದು ಕೇಳಿಸಿ ನಡೆಸಿದ ಪರೀಕ್ಷೆಯೊಂದರಲ್ಲಿ ಜನರಿಗೆ ಸಿಹಿ ಮಂದವಾಗಿಯೂ ಉಮಾಮಿ ಎಂಬ ಐದನೆಯ ರುಚಿ ತೀವ್ರವಾಗಿಯೂ ತೋರಿತು. ಗದ್ದಲದ ಶನಿವಾರ ರಾತ್ರಿ ಸಪ್ಪೆ ಎನ್ನಿಸಿದ ಸಿಹಿ, ಮಂಗಳವಾರ ಮಧ್ಯಾಹ್ನ ಹಾಗೆ ಅನ್ನಿಸದಿರಬಹುದು. ಒಂದೇ ತಿನಿಸನ್ನು ತಿನ್ನುತ್ತ ಹೋದಂತೆ ಹೊಟ್ಟೆ ತುಂಬುವ ಮೊದಲೇ ಅದರ ಮೇಲಿನ ಆಸೆ ಇಳಿಯುತ್ತದೆ, ಬೇರೆ ತಿನಿಸಿನ ಆಸೆ ಹಾಗೆಯೇ ಉಳಿದಿರುತ್ತದೆ. ದೊಡ್ಡ ತಟ್ಟೆಯೊಂದನ್ನು ಒಬ್ಬರೇ ಮುಗಿಸಿ ‘ಮೊದಲಿಗೆ ಚೆನ್ನಾಗಿತ್ತು, ಆಮೇಲೆ ಬೇಸರವಾಯಿತು’ ಎಂದು ಬರೆದುಕೊಂಡರೆ ತಪ್ಪು ಅಡುಗೆಯವರದಲ್ಲ.

ನಿಮಗೆ ಏನೇನೂ ಪರಿಚಯವಿಲ್ಲದ ಪಾಕವಾದರಂತೂ ಮೊದಲ ಭೇಟಿಯ ಅಂಕ ಲೆಕ್ಕಕ್ಕೇ ಬಾರದು. ಕಹಿಯಾದ, ಹುದುಗಿಸಿದ, ಜೋರು ವಾಸನೆಯ ತಿನಿಸುಗಳು ಎರಡು ಮೂರು ಸಲದ ನಂತರವೇ ನಾಲಿಗೆಗೆ ಒಗ್ಗುವುದು ಸಾಮಾನ್ಯ.

1900ರಲ್ಲಿ ಟೈರ್ ಮಾರುವ ಮಿಶೆಲಿನ್ ಸಹೋದರರು ಕಾರು ಓಡಿಸುವವರಿಗೆಂದು ಪುಕ್ಕಟೆ ಹಂಚಿದ ಕೈಪಿಡಿ 1926ರಿಂದ ಊಟಕ್ಕೆ ನಕ್ಷತ್ರ ಕೊಡತೊಡಗಿತು. ಅದರ ಪರೀಕ್ಷಕರು ಗುರುತು ಹೇಳದೆ ಬಂದು, ತಮ್ಮ ಬಿಲ್ಲನ್ನು ತಾವೇ ಕೊಟ್ಟು ಹೋಗುತ್ತಾರೆ. ಒಂದೇ ಭೇಟಿಯಿಂದ ನಕ್ಷತ್ರ ನಿರ್ಧಾರವಾಗುವುದಿಲ್ಲ. ಊಟವೇ ವೃತ್ತಿಯಾದವರಿಗೆ ಒಂದು ಸಲ ಸಾಲದೆಂದ ಮೇಲೆ ನಮಗೆ ಹೇಗೆ ಸಾಕಾದೀತು? 60 ಅಂಕ ದಾಟಿದ ಪ್ರತಿ ಜಾಗಕ್ಕೂ ಎರಡನೆಯ ಅವಕಾಶ ಕೊಡಿ. ಬೇರೆ ದಿನ, ಬೇರೆ ಹೊತ್ತಿನಲ್ಲಿ ಹೋಗಿ, ಮೊದಲ ಸಲ ತಿಂದದ್ದರಲ್ಲಿ ಒಂದನ್ನೂ ಹೊಸದೊಂದನ್ನೂ ತರಿಸಿ. ಹಳೆಯದು ಹಾಗೆಯೇ ಬಂದರೆ ಆ ಅಡುಗೆಮನೆಗೆ ಕೈ ಹದ ಇದೆಯೆಂದು ತಿಳಿಯಬಹುದು.

ಒಂದು ಪುಟ್ಟ ಪುಸ್ತಕವನ್ನೂ ಇಟ್ಟುಕೊಳ್ಳಿ. ನನ್ನ ಮೊದಲ ಪುಸ್ತಕದಲ್ಲಿ ಪುಟಪುಟಕ್ಕೂ ‘ಚೆನ್ನಾಗಿತ್ತು’ ಎಂದೇ ಇದೆ, ಇಂದು ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ದಿನ, ಹೊತ್ತು, ತರಿಸಿದ್ದು, ಮತ್ತೆ ತರಿಸಬೇಕಾದದ್ದು, ಎಂದಿಗೂ ತರಿಸಬಾರದ್ದು ಇಷ್ಟಿದ್ದರೆ ಸಾಕು.

ಪ್ರಶ್ನೆ: ಜನ ತುಂಬಿದ ಜಾಗಕ್ಕೇ ಹೋಗಬೇಕು, ಖಾಲಿ ಜಾಗದಲ್ಲಿ ಹೊಟ್ಟೆ ಕೆಡುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಬಿಸಿಯಾಗಿ ಬಡಿಸುವ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿರಬೇಕಾದದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಗಿರಾಕಿಗಳು ಹೆಚ್ಚಿದ್ದರೆ ಪಾತ್ರೆಯಲ್ಲಿನ ಪದಾರ್ಥ ಆ ಶಾಖದಲ್ಲಿ ಗಂಟೆಗಟ್ಟಲೆ ಕೂರದೆ ಖರ್ಚಾಗುತ್ತದೆ, ಅಷ್ಟೇ. ಆದರೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಎಂಥ ಜಾಗವೂ ಖಾಲಿಯಿರುತ್ತದೆ. ಖಾಲಿಯಿದ್ದಲ್ಲಿ ಒಲೆಯಿಂದ ನೇರವಾಗಿ ಇಳಿದು ಬರುವುದನ್ನು ತರಿಸಿ, ಸಾಲಾಗಿ ಇಟ್ಟು ನಾವೇ ಬಡಿಸಿಕೊಳ್ಳುವ ಪಾತ್ರೆಗಳಿಂದ ದೂರವಿರಿ.

ಪ್ರಶ್ನೆ: ಬಾರುಗಳ ವಿಷಯದಲ್ಲಿ ನಾನು ಹೊಸಬಳು. ಸಹೋದ್ಯೋಗಿಗಳು ಒಂದೇ ಸಂಜೆ ಮೂರು ನಾಲ್ಕು ಬಾರು ಸುತ್ತುತ್ತಾರೆ. ಕಾಕ್‌ಟೇಲ್ ಪಟ್ಟಿ ನೋಡಿದರೆ ಒಂದೂ ಅರ್ಥವಾಗುವುದಿಲ್ಲ, ಕೇಳಲು ಮುಜುಗರ. ಒಬ್ಬಳೇ ಹೋಗಿ ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು. ಬಾರು ತೆರೆದ ಮೊದಲ ಗಂಟೆಯಲ್ಲಿ ಹೋಗಿ, ಮೇಜು ಬಿಟ್ಟು ಕೌಂಟರಿನ ಮುಂದೆ ಕುಳಿತುಕೊಳ್ಳಿ. ಆಗ ಬಾರ್‌ಟೆಂಡರ್‌ಗೆ ಪುರುಸೊತ್ತಿರುತ್ತದೆ, ನಿಮ್ಮ ಲೋಟಕ್ಕೆ ಏನು ಬೀಳುತ್ತಿದೆ ಎಂಬುದೂ ಕಣ್ಣೆದುರೇ ಇರುತ್ತದೆ. ಲೋಟವನ್ನು ಬಿಟ್ಟು ಎದ್ದು ಹೋಗಬೇಡಿ, ಮನೆಗೆ ಮರಳುವ ವಾಹನದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ.

ಆ ಪಟ್ಟಿಯ ಹೆಸರುಗಳಿಗೆ ಹೆದರಬೇಕಾಗಿಲ್ಲ. 1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನೆಂದು ಓದುಗರೊಬ್ಬರು ಕೇಳಿದ್ದಕ್ಕೆ, ಯಾವುದಾದರೂ ಕಡು ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂಬ ಕಹಿರಸ ಸೇರಿದ್ದು ಎಂದು ಉತ್ತರ ಕೊಟ್ಟಿತ್ತು. ಇಂದಿನ ನೂರೆಂಟು ಹೆಸರುಗಳ ಹಿಂದೆಯೂ ಮುಖ್ಯವಾಗಿ ಮದ್ಯ, ಸಿಹಿ, ಹುಳಿ ಅಥವಾ ಕಹಿ, ಮತ್ತು ನೀರಿನ ಹದವೇ ಇರುತ್ತದೆ. ಐಸಿನೊಂದಿಗೆ ಕುಲುಕಿದಾಗ ಕರಗಿ ಸೇರುವ ನೀರು ಕಲಬೆರಕೆಯಲ್ಲ, ಪಾಕದ ಭಾಗವೇ. ಆದ್ದರಿಂದ ಹೊಸ ಬಾರಿನಲ್ಲಿ ಮೊದಲು ಮದ್ಯ, ನಿಂಬೆರಸ, ಸಕ್ಕರೆ ಪಾಕ ಮಾತ್ರ ಇರುವ ಸರಳವಾದದ್ದನ್ನು ಕೇಳಿ. ಮುಚ್ಚಿಹಾಕಲು ಬೇರೇನೂ ಇಲ್ಲದ ಕಾರಣ ಕೈ ಹದ ಅಲ್ಲೇ ತಿಳಿಯುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ‘ಹುಳಿ ಮುಂದಿರಲಿ, ಸಿಹಿ ಕಡಿಮೆ ಇರಲಿ’ ಎಂದರೂ ಸಾಕು. ಮದ್ಯವಿಲ್ಲದ ಪಾನೀಯವನ್ನೂ ಇದೇ ರೀತಿ ಕೇಳಿ ಪಡೆಯಬಹುದು, ಒಳ್ಳೆಯ ಬಾರಿನವರು ಅದಕ್ಕೆ ಮುಖ ಸಿಂಡರಿಸುವುದಿಲ್ಲ.

ಒಂದೇ ಸಂಜೆ ನಾಲ್ಕು ಬಾರು ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಶೇಕಡ 5ರ 330 ಮಿಲಿಲೀಟರ್ ಬಿಯರ್‌ನಲ್ಲಿ ಸುಮಾರು 13 ಗ್ರಾಂ, ಶೇಕಡ 12ರ 150 ಮಿಲಿಲೀಟರ್ ವೈನ್‌ನಲ್ಲಿ ಸುಮಾರು 14 ಗ್ರಾಂ ಮದ್ಯಸಾರ ಇರುತ್ತದೆ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಮೂರು ಲೋಟ ಕುಡಿದರೆ ಅದು ಪೂರ್ತಿ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಆ ವೇಗ ಬದಲಾಗುವುದಿಲ್ಲ. ಹೊಟ್ಟೆಯಲ್ಲಿ ಊಟವಿದ್ದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ ಎಂಬುದು ನಿಜವಾದರೂ, ಸೇರಿದ್ದನ್ನು ಊಟ ಇಳಿಸಲಾರದು. ಆರೋಗ್ಯಕ್ಕೆ ಅಪಾಯವಿಲ್ಲದ ಕುಡಿತದ ಮಟ್ಟ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದೆಲ್ಲ ಹಾಗಿರಲಿ, ಮೂರನೆಯ ಬಾರಿನ ಹೊತ್ತಿಗೆ ನಾಲಿಗೆ ಏನನ್ನೂ ಗುರುತಿಸುವ ಸ್ಥಿತಿಯಲ್ಲಿರುವುದಿಲ್ಲ, ಮತ್ತೆ ಸುತ್ತಿದ್ದು ಏತಕ್ಕೆ?

ಖಾರದ ತಿನಿಸಿನ ಉರಿ ಆರಿಸಲು ಕಡು ಮದ್ಯವನ್ನು ಗುಟುಕರಿಸುವವರನ್ನು ನೀವು ನೋಡಿರಬಹುದು. ಮೆಣಸಿನಕಾಯಿಯ ಖಾರ ಬಾಯಿಯ ಯಾವ ಶಾಖಗ್ರಾಹಿಯನ್ನು ಕೆಣಕುತ್ತದೆಯೋ ಮದ್ಯಸಾರವೂ ಅದನ್ನೇ ಕೆಣಕುತ್ತದೆ. ಸಾಮಾನ್ಯವಾಗಿ 42 ಡಿಗ್ರಿಯ ಆಸುಪಾಸಿನಲ್ಲಿ ಎಚ್ಚರಗೊಳ್ಳುವ ಆ ಗ್ರಾಹಿ, ಮದ್ಯಸಾರ ತಗುಲಿದಾಗ 34 ಡಿಗ್ರಿಯಷ್ಟರಲ್ಲೇ, ಅಂದರೆ ನಮ್ಮ ದೇಹದ ಶಾಖಕ್ಕಿಂತ ಕೆಳಗೇ ಎಚ್ಚರಗೊಂಡು ಉರಿಯನ್ನು ಹೆಚ್ಚಿಸುತ್ತದೆ. ಹಾಲು, ಮೊಸರು ಆರಿಸುತ್ತವೆ, ಏಕೆಂದರೆ ಅವುಗಳಲ್ಲಿನ ಕೇಸಿನ್ ಎಂಬ ಪ್ರೋಟೀನು ಖಾರದ ಅಂಶವನ್ನು ಹಿಡಿದು ತೊಳೆಯುತ್ತದೆ.

ಒಂದು ಸಂಜೆಗೆ ಒಂದು ಬಾರು, ಒಂದು ಲೋಟ, ಜೊತೆಗೆ ತಿನ್ನಲು ಏನಾದರೂ ಇರಲಿ. ವಾರ ಬಿಟ್ಟು ಅಲ್ಲಿಗೇ ಮತ್ತೊಮ್ಮೆ ಹೋಗಿ. ಎರಡನೆಯ ಸಲ ಬಾರ್‌ಟೆಂಡರ್ ನಿಮ್ಮ ಮುಖ ಗುರುತಿಸಿದರೆ, ರಾತ್ರಿ ಕೆಲಸ ಮುಗಿಸಿ ಅವರೆಲ್ಲರೂ ಊಟಕ್ಕೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ, ಆ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲ ಪತ್ರ ಬರೆದ ಓದುಗರಿಗೆ ಬೇಕಾಗಿರುವುದೂ ಅದೇ ಹೆಸರು.