ಬರುವ ಮೇಲ್ ಬರುತ್ತದೆ, ಹೋಗುವ ಮೇಲ್ ವಾಪಸ್: ಏನು ಕಾರಣ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ಹೋದ ವಾರ ಹೊಸ ವೆಬ್‌ಸೈಟ್ ಮಾಡಿಸಿದೆವು. ಅವತ್ತಿನಿಂದ ಗಿರಾಕಿಗಳ ಜಿಮೇಲ್‌ಗೆ ಕಳಿಸಿದ ಬಿಲ್ ಎಲ್ಲಾ 550-5.7.26 ಅಂತ ವಾಪಸ್ ಬರುತ್ತಿವೆ. ನಮಗೆ ಬರುವ ಮೇಲ್ ಸರಿಯಾಗಿವೆ. ಸೈಟ್ ಮಾಡಿದವರು ಜಿಮೇಲ್‌ನದ್ದೇ ತೊಂದರೆ ಅಂತಾರೆ.

ಉತ್ತರ: ಜಿಮೇಲ್‌ನದ್ದಲ್ಲ. ಹುಬ್ಬಳ್ಳಿಯಲ್ಲಿ ಕೂತು ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟೆನೋ ಲೆಕ್ಕವಿಲ್ಲ. ನೀವು ಕೋಡ್ ಬರೆದಿದ್ದೀರಿ, ಬಹಳ ಒಳ್ಳೆಯದಾಯಿತು. ಜಾಸ್ತಿ ಜನ ‘ಮೇಲ್ ಹೋಗ್ತಿಲ್ಲ’ ಅಂತಷ್ಟೇ ಬರೆಯುತ್ತಾರೆ. ವಾಪಸ್ ಬಂದ ಪತ್ರದಲ್ಲೇ ಕಾರಣ ಇರುತ್ತದೆ, ಓದಬೇಕು ಅಲ್ವಾ?

5.7.26 ಅಂದರೆ ಮೇಲ್ ನಿಮ್ಮದೇ ಅನ್ನಲು ಗುರುತು ಸಿಗಲಿಲ್ಲ ಅಂತ. ಆ ಗುರುತು ಇರುವುದು ಡಿಎನ್‌ಎಸ್‌ನಲ್ಲಿ, ಅಂದರೆ ನಿಮ್ಮ ಡೊಮೈನ್ ಹೆಸರಿನ ವಿವರಗಳ (ರೆಕಾರ್ಡ್‌ಗಳ) ಪಟ್ಟಿಯಲ್ಲಿ. ಹೊಸ ಸೈಟ್‌ಗಾಗಿ ನೇಮ್‌ಸರ್ವರ್, ಅಂದರೆ ಆ ಪಟ್ಟಿ ಇಟ್ಟಿರುವ ಸರ್ವರ್, ಬದಲಿಸಿರುತ್ತಾರೆ. ಹಳೇ ರೆಕಾರ್ಡ್‌ಗಳು ತಾವಾಗಿ ಅಲ್ಲಿಗೆ ಬರುವುದಿಲ್ಲ. ಸೈಟ್ ತೆರೆಯಲಿ ಅಂತ ಎ ರೆಕಾರ್ಡ್, ಮೇಲ್ ಬರಲಿ ಅಂತ ಎಂಎಕ್ಸ್ ಹಾಕಿ ಕೈತೊಳೆದುಕೊಂಡಿದ್ದಾರೆ. ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್, ಮೇಲ್ ಮೇಲಿನ ಸಹಿ ಪರೀಕ್ಷಿಸುವ ಡಿಕಿಮ್ ಕೀಲಿ, ಎರಡೂ ಹಳೇ ಕಡೆಯೇ ಉಳಿದಿವೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಇವುಗಳಲ್ಲಿ ಒಂದಾದರೂ ಬೇಕೇ ಬೇಕು. ದಿನಕ್ಕೆ 5,000 ಮೇಲ್ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್, ಅಂದರೆ ಗುರುತು ತಾಳೆಯಾಗದ ಮೇಲ್ ಏನು ಮಾಡಬೇಕು ಅಂತ ಹೇಳುವ ರೆಕಾರ್ಡ್. ನಿಮ್ಮ ಮೇಲ್ ಕಡಿಮೆಯೇ ಇರಲಿ, ಎರಡೂ ಹಾಕಿಸಿ.

ಮೇಲ್ ಸೇವೆ ಕೊಡುವ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆ ಸಾಲುಗಳು ಸಿಗುತ್ತವೆ. ಕಾಪಿ ಮಾಡಿ ಹೊಸ ಡಿಎನ್‌ಎಸ್‌ಗೆ ಹಾಕಿ, ಟೈಪ್ ಮಾಡಬೇಡಿ. ಡಿಕಿಮ್ ಕೀಲಿ ಉದ್ದ, ಒಂದು ಅಕ್ಷರ ತಪ್ಪಿದರೂ ಸಹಿ ತಾಳೆಯಾಗದು. ಆಮೇಲೆ ನಿಮ್ಮದೇ ಒಂದು ಜಿಮೇಲ್‌ಗೆ ಮೇಲ್ ಕಳಿಸಿ, ಅಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆರೆಯಿರಿ. ಎರಡರ ಎದುರೂ ‘ಪಾಸ್’ ಅಂತ ಕಾಣಬೇಕು.

ಎಸ್‌ಪಿಎಫ್ ಕೊನೆಗೆ ‘ಪ್ಲಸ್ ಆಲ್’ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಖಂಡಿತ ಬೇಡ. ಯಾವ ಸರ್ವರ್ ಬೇಕಾದರೂ ನಿಮ್ಮ ಹೆಸರಲ್ಲಿ ಕಳಿಸಲಿ ಅಂತ ಬರೆದುಕೊಟ್ಟ ಹಾಗೆ ಅದು. ಬಿಲ್‌ನಲ್ಲಿ ಬ್ಯಾಂಕ್ ಖಾತೆ ಬದಲಿಸಿ ಗಿರಾಕಿಗೆ ಕಳಿಸುವ ಕಳ್ಳನಿಗೆ ಇದಕ್ಕಿಂತ ಇನ್ನೇನು ಬೇಕು? ‘ದುಡ್ಡು ಕೊಡಿ, ಜಿಮೇಲ್‌ನಲ್ಲಿ ವೈಟ್‌ಲಿಸ್ಟ್ ಮಾಡಿಸ್ತೀವಿ’ ಅನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಗೂಗಲ್ ಅಂಥ ಕೋರಿಕೆ ಒಪ್ಪುವುದೇ ಇಲ್ಲ.

ನಾನಂತೂ ಹಳೇ ರೆಕಾರ್ಡ್ ಎಲ್ಲಾ ಕಾಪಿ ಮಾಡಿಟ್ಟುಕೊಳ್ಳದೆ ನೇಮ್‌ಸರ್ವರ್ ಮುಟ್ಟುವುದಿಲ್ಲ. ಡೊಮೈನ್ ಪಾಸ್‌ವರ್ಡ್ ಮಾಲೀಕರ ಕೈಯಲ್ಲೇ ಇರಲಿ.

ಗದಗದ ಓದುಗರಿಗೆ: ಆಫೀಸಿನ ಸ್ವಂತ ಸರ್ವರ್‌ನಿಂದ 5.7.25 ಬಂದರೆ ಪಿಟಿಆರ್, ಅಂದರೆ ಸರ್ವರ್‌ನ ಐಪಿ ನಂಬರ್ ಯಾವ ಹೆಸರಿನದು ಅಂತ ಹೇಳುವ ರೆಕಾರ್ಡ್, ನೋಡಿ. ಡೊಮೈನ್ ಮಾರಿದವರನ್ನು ಸುಮ್ನೆ ಬೈಯಬೇಡಿ, ಅದನ್ನು ಹಾಕಬೇಕಾದವರು ಐಪಿ ಕೊಟ್ಟ ಇಂಟರ್ನೆಟ್ ಕಂಪನಿಯವರು.

ಧಾರವಾಡದವರಿಗೆ: ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್. ಎರಡಿದ್ದರೆ ಎರಡೂ ಕೆಡುತ್ತವೆ, ಸೇರಿಸಿ ಒಂದು ಮಾಡಿ.

ಸೈಟ್‌ನ ಸಂಪರ್ಕ ಸುರಕ್ಷಿತ ಮಾಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಕೊಂಡರೆ ಮೇಲ್ ಹೋಗುತ್ತದಾ ಅಂತ ರಾಣೆಬೆನ್ನೂರಿನಿಂದ ಕೇಳಿದ್ದಾರೆ. ಇಲ್ಲ.