ಇಂಟರ್ನ್‌ಶಿಪ್ ಕ್ರೆಡಿಟ್: ಸಹಿ ಹಾಕುವವರು ಓದಿ ಹಾಕಬೇಕು

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದ್ತಿದ್ದೀನಿ. ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇದೆ ಅಂತ ಕಾಲೇಜಿನಲ್ಲಿ ಹೇಳಿದ್ದಕ್ಕೆ ಒಂದು ಆಡಿಟರ್ ಆಫೀಸಿಗೆ ಹೋಗ್ತಾ ಇದ್ದೀನಿ. ಇಲ್ಲೀವರೆಗೆ ಜೆರಾಕ್ಸ್ ಮಾಡಿಸೋದು, ಫೈಲ್ ಜೋಡಿಸೋದು, ಬ್ಯಾಂಕಿಗೆ ಚೆಕ್ ಹಾಕಿ ಬರೋದು ಇಷ್ಟೇ ಆಗಿದೆ. ನನ್ನ ಕ್ಲಾಸಿನ ಕೆಲವರು ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡಿದ್ದಾರೆ, ಒಂದು ದಿನಾನೂ ಹೋಗಿಲ್ಲ. ಅವರಿಗೂ ನನಗೂ ಅಷ್ಟೇ ಕ್ರೆಡಿಟ್ ಬರೋದಾದ್ರೆ ನಾನ್ಯಾಕೆ ದಿನಾ ಬಸ್ಸು ಹತ್ತಿ ಬರಬೇಕು?
– ವಿದ್ಯಾರ್ಥಿನಿ, ಹರಿಹರ

ಉತ್ತರ: ಹೋಗುವುದನ್ನು ಬಿಡಬೇಡ ತಂಗಿ. ಆದರೆ ಈಗ ಹೋಗುತ್ತಿರುವ ಹಾಗೆಯೇ ಹೋಗುತ್ತಿರಲೂ ಬೇಡ.

ಮೊದಲು ಕ್ರೆಡಿಟ್ಟಿನ, ಅಂದರೆ ಪದವಿ ಮುಗಿಸಲು ಕೂಡಿಸಬೇಕಾದ ಓದಿನ ಅಳತೆಯ, ಲೆಕ್ಕ ತಿಳಿದುಕೋ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಚೌಕಟ್ಟಿನಲ್ಲಿ ತರಗತಿಯ ಪಾಠಕ್ಕೆ 15 ಗಂಟೆಗೆ ಒಂದು ಕ್ರೆಡಿಟ್, ಇಂಟರ್ನ್‌ಶಿಪ್‌ಗೆ 30 ಗಂಟೆಗೆ ಒಂದು. ಅಂದರೆ 2 ಕ್ರೆಡಿಟ್ಟಿಗೆ 60 ಗಂಟೆ, 4 ಕ್ರೆಡಿಟ್ಟಿಗೆ 120 ಗಂಟೆ. ನಿನ್ನ ಬ್ಯಾಚಿಗೆ ಎಷ್ಟು ಎನ್ನುವುದು ವಿಶ್ವವಿದ್ಯಾಲಯದ ರೆಗ್ಯುಲೇಷನ್ನಿನಲ್ಲಿ ಅಚ್ಚಾಗಿರುತ್ತದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಹಾಗಾಗಿ ಅಕ್ಕನ ಬ್ಯಾಚಿನ ಲೆಕ್ಕ ತಂಗಿಯ ಬ್ಯಾಚಿಗೆ ಹೊಂದುವುದಿಲ್ಲ. ಸೀನಿಯರುಗಳ ಬಾಯಿಮಾತು ಬಿಟ್ಟು, ವಿಭಾಗದ ಮುಖ್ಯಸ್ಥರ ಹತ್ತಿರ ಆ ಪುಟವನ್ನೇ ಕೇಳಿ ಒಂದು ಫೋಟೊ ತೆಗೆದುಕೋ.

ಪಾಠಕ್ಕಿಂತ ಎರಡರಷ್ಟು ಗಂಟೆ ಯಾಕೆ ಕೇಳುತ್ತಾರೆ? ಕೆಲಸ ಮಾಡುತ್ತಾ ಕಲಿಯುವುದಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಮಾಡಬೇಕು, ತಪ್ಪಬೇಕು, ಯಾರಾದರೂ ನೋಡಿ ತಿದ್ದಬೇಕು, ಮತ್ತೆ ಮಾಡಬೇಕು. ಇದಕ್ಕೇ ಕಾಲೇಜಿನಿಂದ ಒಬ್ಬ ಮಾರ್ಗದರ್ಶಕರು, ಕಚೇರಿಯಿಂದ ಒಬ್ಬ ಮೇಲ್ವಿಚಾರಕರು ಇರಬೇಕು ಎಂದು ಇಟ್ಟಿರುವುದು. ನಿನಗೆ ಈಗ ಸಿಗದೇ ಇರುವುದು ಈ ತಿದ್ದುವ ಕೈ.

ನಾಳೆ ಹೋದವಳೇ ಅಲ್ಲಿನ ಹಿರಿಯ ಅಸಿಸ್ಟೆಂಟ್ ಹತ್ತಿರ ಕೇಳು: “ಸರ್, ಒಂದು ಅಂಗಡಿಯ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಬ್ಯಾಂಕ್ ಬುಕ್ಕು ಕೊಡಿ. ತಾಳೆ ನೋಡಿ ತರ್ತೀನಿ, ತಪ್ಪಿದ್ರೆ ಗುರುತು ಹಾಕಿ ಕೊಡಿ.” ಹೀಗೆ ನೇರವಾಗಿ ಕೇಳಿದ ಹುಡುಗಿಗೆ ಇಲ್ಲ ಎನ್ನುವವರು ಕಡಿಮೆ.

ಸ್ಟೇಟ್‌ಮೆಂಟಿನಲ್ಲಿ 118 ರೂಪಾಯಿ ಕಡಿತವಾಗಿದೆ ಅಂದುಕೋ, ಅಂಗಡಿಯ ಬ್ಯಾಂಕ್ ಬುಕ್ಕಿನಲ್ಲಿ ಅದಿಲ್ಲ. ನೀನು ಕಾಲೇಜಿನಲ್ಲಿ ಕಲಿತ ಹಾಗೆ ‘ಬ್ಯಾಂಕ್ ಚಾರ್ಜಸ್ 118’ ಎಂದು ಎಂಟ್ರಿ ಹಾಕುತ್ತೀಯ. ಓದಿ ಸಹಿ ಹಾಕುವವರು ಅಲ್ಲೇ ತಡೆದು ಕೇಳುತ್ತಾರೆ: ಇದರಲ್ಲಿ ಚಾರ್ಜು 100, ಜಿಎಸ್‌ಟಿ 18, ಆ 18 ಎಲ್ಲಿ ಹೋಯಿತು? ಅದು ಅಶೋಕ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಲೆಕ್ಕವಾದರೆ ಖರ್ಚು ಬರೀ 100. ಉಳಿದ 18 ಇನ್‌ಪುಟ್ ಕ್ರೆಡಿಟ್ಟಿಗೆ, ಅಂದರೆ ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಲೆಕ್ಕಕ್ಕೆ, ಹೋಗಬೇಕು. ಅದೂ ಬ್ಯಾಂಕಿನವರು ಆ ಅಂಗಡಿಯ ಜಿಎಸ್‌ಟಿ ನಂಬರಿಗೆ ಬಿಲ್ ಮಾಡಿ, ಅದು ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ) ಕಂಡರೆ ಮಾತ್ರ. ಅದೇ 118 ಎಪಿಎಂಸಿ ಯಾರ್ಡಿನಲ್ಲಿ ಬರೀ ಮೆಕ್ಕೆಜೋಳದ ದಲಾಲಿ ಮಾಡುವವರದ್ದಾದರೆ ಇಡೀ 118 ಖರ್ಚೇ. ಕೃಷಿ ಉತ್ಪನ್ನದ ದಲಾಲಿಗೆ ಜಿಎಸ್‌ಟಿ ವಿನಾಯಿತಿ ಇದೆ, ವಿನಾಯಿತಿ ಇರುವ ವ್ಯವಹಾರಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಮೊತ್ತ ಒಂದೇ, ಬ್ಯಾಂಕೂ ಒಂದೇ ಇರಬಹುದು, ಎಂಟ್ರಿ ಮಾತ್ರ ಬೇರೆ. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಮಕ್ಕಳ ತಲೆಗೆ ಹತ್ತುತ್ತಿರಲಿಲ್ಲ. ನಿಜವಾದ ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಮರೆತವರನ್ನು ನಾನು ಕಂಡಿಲ್ಲ.

ಡೈರಿಯನ್ನೂ ಹೀಗೆಯೇ ಬರೆ. ‘ಅಕೌಂಟ್ಸ್ ಕೆಲಸ ಮಾಡಿದೆ’ ಎಂದು ಬರೆದರೆ ಏನೂ ಬರೆಯದ ಹಾಗೆ. ‘ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡಿದೆ, ಮೂರು ಬಿಲ್ ಸಿಗಲಿಲ್ಲ, ಒಂದರಲ್ಲಿ ಜಿಎಸ್‌ಟಿ ನಂಬರ್ ತಪ್ಪು, ಎರಡರಲ್ಲಿ ಮಾರಿದವರು ಇನ್ನೂ ರಿಟರ್ನ್ ಹಾಕಿಲ್ಲ’ ಎಂದು ಬರೆ. ಪಕ್ಕದಲ್ಲಿ ಮೇಲ್ವಿಚಾರಕರ ಸಹಿ ಆ ದಿನವೇ ಬೀಳಲಿ. ಕೊನೆಯ ದಿನ ಒಟ್ಟಿಗೆ ಮೂವತ್ತು ಸಹಿ ಹಾಕಿಸಿದ ಡೈರಿ ನೋಡಿದ ತಕ್ಷಣ ಗೊತ್ತಾಗುತ್ತದೆ, ಶಾಯಿ ಒಂದೇ, ಕೈಬರಹದ ಓಟವೂ ಒಂದೇ.

ಇನ್ನೊಂದು ವಿಷಯ. ಎರಡು ವಾರ ಬೆಳಗಿನಿಂದ ಸಂಜೆವರೆಗೆ ಹೋಗಿ ಗಂಟೆ ಮುಗಿಸುವ ಬದಲು ಅರ್ಧ ದಿನದ ಹಾಗೆ ಒಂದು ಪೂರ್ತಿ ತಿಂಗಳು ಹೋಗು. ಆಡಿಟರ್ ಆಫೀಸಿನ ಕೆಲಸ ತಿಂಗಳ ತಾರೀಖಿನ ಮೇಲೆ ಓಡುತ್ತದೆ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರದ್ದು 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 14ಕ್ಕೆ 2ಬಿ ಬರುತ್ತದೆ, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ. 21ರಂದು ಸೇರಿ ತಿಂಗಳ ಕೊನೆಗೆ ಬಿಟ್ಟವಳಿಗೆ ಈ ಸರಪಳಿಯ ಒಂದು ಕೊಂಡಿಯೂ ಕಾಣುವುದಿಲ್ಲ. ನಿನಗೆ ಬಸ್ಸೂ ಇರುವುದರಿಂದ ಬೆಳಗಿನ ಹೊತ್ತು ಕೇಳಿಕೋ. 20ನೇ ತಾರೀಖು ಹತ್ತಿರವಾದಾಗ ಅಲ್ಲಿ ರಾತ್ರಿವರೆಗೂ ಲೈಟ್ ಉರಿಯುತ್ತದೆ, ಹಾಗೆ ಕೂರುವ ಜವಾಬ್ದಾರಿ ನಿನ್ನದಲ್ಲ.

ದುಡ್ಡು ಕೊಟ್ಟು ತಂದ ಸರ್ಟಿಫಿಕೇಟಿನ ಬಗ್ಗೆ ನನ್ನ ಮಾತು ಕಟುವಾಗಿಯೇ ಇರುತ್ತದೆ. ಲೆಕ್ಕಪರಿಶೋಧನೆಯ ವೃತ್ತಿ ನಿಂತಿರುವುದೇ ಸಹಿಯ ಮೇಲೆ. ಬ್ಯಾಂಕು ಸಾಲ ಕೊಡುವುದು, ಇಲಾಖೆ ಲೆಕ್ಕ ಒಪ್ಪುವುದು, ಎಲ್ಲವೂ ‘ನಾನು ನೋಡಿದ್ದೇನೆ’ ಎನ್ನುವ ಆ ಸಹಿಯನ್ನು ನಂಬಿ. ನೋಡದೇ ಇರುವ ಕೆಲಸಕ್ಕೆ ಸಹಿ ಮಾರುವವರು ಕಲಿಯಬೇಕಾದ ಮಕ್ಕಳಿಗೆ ಮೊದಲ ಪಾಠವಾಗಿ ಸುಳ್ಳನ್ನು ಕಲಿಸುತ್ತಿದ್ದಾರೆ. ಕಾಲೇಜಿನವರು ಒಂದು ಫೋನ್ ಮಾಡಿ ವಿಚಾರಿಸಿದರೆ ಈ ವ್ಯವಹಾರ ನಿಲ್ಲುತ್ತದೆ. ಮಾಡಬೇಕು. ಇನ್ನು ನಿನ್ನ ಗೆಳತಿಯರು ವೈವಾದಲ್ಲಿ ಪಾರಾಗಬಹುದು, ಕ್ರೆಡಿಟ್ಟೂ ಬರಬಹುದು. ಕೆಲಸ ಕೇಳಿಕೊಂಡು ಹೋದ ಕಡೆ “2ಬಿ ತಾಳೆ ನೋಡಿದ್ದೀಯೇನಮ್ಮ?” ಎಂದು ಕೇಳಿದಾಗ ಉತ್ತರ ಕೊಡುವವಳು ನೀನು.

ಪ್ರಶ್ನೆ: ನನ್ನ ಮಗ ಬಿ.ಕಾಂ. ಓದುತ್ತಾ ಅವರ ಸೋದರಮಾವನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಚೆನ್ನಾಗಿ ಬರುತ್ತದೆ. ಅದನ್ನೇ ಇಂಟರ್ನ್‌ಶಿಪ್ ಎಂದು ತೋರಿಸಬಹುದೇ?
– ಒಬ್ಬ ತಂದೆ, ಜಗಳೂರು

ಉತ್ತರ: ಈಗಾಗಲೇ ಮಾಡಿ ಮುಗಿಸಿದ್ದನ್ನು ಹಿಂದಿನ ತಾರೀಖು ಹಾಕಿ ತೋರಿಸುವುದು ಬೇಡ ಯಜಮಾನರೇ. ಕ್ರೆಡಿಟ್ ಸಿಗುವುದು ಕಾಲೇಜು ಮೊದಲೇ ಒಪ್ಪಿ, ಪತ್ರ ಕೊಟ್ಟು ಕಳಿಸಿದ ಕೆಲಸಕ್ಕೆ. ಇನ್ನು ಮುಂದಿನದಕ್ಕೆ ದಾರಿ ಇದೆ. ಅಂಗಡಿ ಮಾವನದ್ದೇ ಇರಲಿ, ಮೇಲ್ವಿಚಾರಣೆ ಮಾವನದ್ದು ಬೇಡ. ಆ ಅಂಗಡಿಯ ಲೆಕ್ಕ ನೋಡುವ ಆಡಿಟರ್ ಇರುತ್ತಾರಲ್ಲ, ವಾರಕ್ಕೊಮ್ಮೆ ಹುಡುಗನ ಕೆಲಸ ನೋಡಿ ತಿದ್ದಲು ಅವರು ಒಪ್ಪುತ್ತಾರಾ ಕೇಳಿ. ಒಪ್ಪಿದರೆ ಆ ಏರ್ಪಾಡನ್ನು ಬರೆದುಕೊಂಡು ಕಾಲೇಜಿನ ಮಾರ್ಗದರ್ಶಕರ ಮುಂದಿಡಿ.

ಟ್ಯಾಲಿ ಬರುತ್ತದೆ ಎಂದು ಬರೆದಿದ್ದೀರಿ, ಸಂತೋಷ. ಆದರೆ ಎಂಟ್ರಿ ಹೊಡೆಯುವುದು ಬೇರೆ, ರೈತನಿಗೆ ಕೊಡುವ ಮಾರಾಟದ ಲೆಕ್ಕದ ಪಟ್ಟಿಯಲ್ಲಿ ಯಾವ ಕಡಿತ ಸರಿ, ಯಾವುದು ಸಲ್ಲದು ಎಂದು ನೋಡುವುದು ಬೇರೆ. ನಮ್ಮ ರಾಜ್ಯದಲ್ಲಿ ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕು, ರೈತನಿಂದಲ್ಲ. ಮಗ ಬರೆಯುವ ಪಟ್ಟಿಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಲಿ. ಮಾವನ ಅಂಗಡಿಯಲ್ಲಿ ಕೇಳಲು ಸಂಕೋಚ ಆಗುವ ಪ್ರಶ್ನೆ ಇದು, ಹೊರಗಿನ ಮೇಲ್ವಿಚಾರಕರು ಬೇಕು ಎಂದಿದ್ದು ಅದಕ್ಕೇ.

ಪ್ರಶ್ನೆ: ಕಾಲೇಜಿನ ಇಂಟರ್ನ್‌ಶಿಪ್ ಅನ್ನು ಮುಂದೆ ಸಿ.ಎ. ಆರ್ಟಿಕಲ್‌ಶಿಪ್‌ನಲ್ಲಿ ಹಿಡಿಯುತ್ತಾರಾ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಹಿಡಿಯುವುದಿಲ್ಲ. ಆರ್ಟಿಕಲ್‌ಶಿಪ್ ಅಂದರೆ ಸಿ.ಎ. ಆಗಲು ಮಾಡಬೇಕಾದ, ಐಸಿಎಐನಲ್ಲಿ (ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ) ನೋಂದಣಿಯಾಗುವ ತರಬೇತಿ. ಸಿ.ಎ. ಇಂಟರ್‌ಮೀಡಿಯೆಟ್ ಪರೀಕ್ಷೆಯ ಎರಡೂ ಗ್ರೂಪ್ ಪಾಸಾದ ಮೇಲೆ ಶುರು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ. ಆ ಅವಧಿಯಲ್ಲಿ ಜೊತೆಗೆ ಪದವಿಯೂ ಓದುವುದಿದ್ದರೆ ಐಸಿಎಐ ಅನುಮತಿ ಬೇಕು. ಆದರೂ ಒಂದು ಲಾಭ ಇದೆ. ಕಾಲೇಜಿನ ಇಂಟರ್ನ್‌ಶಿಪ್ ಮುಗಿಸುವಷ್ಟರಲ್ಲಿ ಆ ಕೆಲಸ ನಿನಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ, ಎರಡು ವರ್ಷಕ್ಕೆ ಸಹಿ ಹಾಕುವ ಮೊದಲೇ.

ಪ್ರಶ್ನೆ: ನಮ್ಮದು ಎಣ್ಣೆ ಮಿಲ್. ಇಬ್ಬರು ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ತಗೊಳ್ಳಿ ಎಂದು ಕಾಲೇಜಿನವರು ಕೇಳಿದ್ದಾರೆ. ಏನು ಕೆಲಸ ಕೊಡಬೇಕು? ನಮ್ಮ ಲೆಕ್ಕ ಹೊರಗೆ ಹೋಗುತ್ತದೆ ಎಂಬ ಭಯವೂ ಇದೆ.
– ಮಿಲ್ ಮಾಲೀಕರು, ಚಳ್ಳಕೆರೆ

ಉತ್ತರ: ದಯವಿಟ್ಟು ತೆಗೆದುಕೊಳ್ಳಿ. ನಿಮ್ಮಲ್ಲಿ ಕಲಿಯುವುದಕ್ಕೆ ಇರುವಷ್ಟು ವಿಷಯ ಹಲವು ಆಡಿಟರ್ ಆಫೀಸುಗಳಲ್ಲೂ ಇಲ್ಲ. ಎಷ್ಟು ಕ್ವಿಂಟಾಲ್ ಶೇಂಗಾ ಒಳಗೆ ಬಂತು, ಎಷ್ಟು ಎಣ್ಣೆ ಬಂತು, ಎಷ್ಟು ಹಿಂಡಿ ಹೊರಟಿತು, ಉಳಿದದ್ದು ಎಲ್ಲಿ ಹೋಯಿತು – ಈ ಸ್ಟಾಕ್ ಲೆಕ್ಕವನ್ನು ತೂಕದ ಚೀಟಿಯಿಂದ ಹಿಡಿದು ರಿಜಿಸ್ಟರ್‌ವರೆಗೆ ಒಂದು ತಿಂಗಳದ್ದು ತಾಳೆ ನೋಡಲು ಕೊಡಿ. ಟ್ಯಾಕ್ಸ್ ಆಡಿಟ್ ವರದಿಯಲ್ಲಿ ಕಚ್ಚಾ ಮಾಲು, ತಯಾರಾದ ಮಾಲಿನ ಪ್ರಮಾಣವನ್ನು ಕೇಳುತ್ತಾರೆ, ಹಾಗಾಗಿ ಆ ಕೆಲಸ ನಿಮಗೂ ಉಪಯೋಗಕ್ಕೆ ಬರುತ್ತದೆ.

ಭಯಕ್ಕೆ ಕಾರಣವಿದೆ, ಅದಕ್ಕೆ ಕಟ್ಟು ಹಾಕಿಕೊಳ್ಳಿ. ಜಿಎಸ್‌ಟಿ ಪೋರ್ಟಲ್ಲಿನ ಪಾಸ್‌ವರ್ಡ್, ಓಟಿಪಿ ಬರುವ ಫೋನು, ಡಿಜಿಟಲ್ ಸಹಿಯ ಪೆನ್‌ಡ್ರೈವ್ ವಿದ್ಯಾರ್ಥಿಗಳ ಕೈಗೆ ಬೇಡ. ಟ್ಯಾಲಿಯಲ್ಲಿ ಅವರಿಗೆ ಪ್ರತ್ಯೇಕ ಯೂಸರ್ ಮಾಡಿಸಿ. ರಿಪೋರ್ಟಿನಲ್ಲಿ ಪಾರ್ಟಿಗಳ ಹೆಸರು, ಪ್ಯಾನ್ ನಂಬರ್ ಬರಬಾರದು, ‘ವ್ಯಾಪಾರಿ ಅ, ವ್ಯಾಪಾರಿ ಆ’ ಎಂದು ಬರೆಯಲಿ. ಕಾಲೇಜಿಗೆ ಸಲ್ಲಿಸುವ ಮೊದಲು ಒಂದು ಪ್ರತಿ ನಿಮಗೆ ತೋರಿಸಬೇಕು ಎಂದು ಆರಂಭದಲ್ಲೇ ಹೇಳಿಬಿಡಿ. ಮತ್ತೆ, ನಿಮ್ಮ ಹಳೆಯ ಗುಮಾಸ್ತರಿಗೆ ದಿನಾ ಅರ್ಧ ಗಂಟೆ ಬಿಡುವು ಮಾಡಿಕೊಡಿ, ಆ ಮಕ್ಕಳು ಬರೆದದ್ದನ್ನು ಓದುವುದಕ್ಕೆ. ಬಸ್ ಚಾರ್ಜು, ಮಧ್ಯಾಹ್ನದ ಊಟದ ಖರ್ಚನ್ನಾದರೂ ಕೊಡಿ. ಹಳ್ಳಿಯಿಂದ ಬರುವ ಮಕ್ಕಳಿಗೆ ಅದು ಸಣ್ಣ ಮೊತ್ತವಲ್ಲ.