ಮಾವ ಯಾವಾಗ್ಲೂ ಇಪ್ಪತ್ತೇ ಬೀಜ ಯಾಕ ಇಡ್ತಾನ?

ಪ್ರಶ್ನೆ: ಬ್ಯಾಸಗಿ ಸೂಟಿಗೆ ನನ್ನ ತಮ್ಮ ಬಂದಾನ್ರಿ, ಬಿಸಿಲಾಗ ಹೊರಗ ಹೋಗೂದು ಆಗಂಗಿಲ್ಲ ಅಂತ ನನ್ನ ಮಗಳ ಜೊತಿ ಹುಣಸಿಬೀಜದ ಆಟ ಆಡ್ತಾನ. ನೆಲದ ಮ್ಯಾಲೆ 20 ಬೀಜ, ಪಾಳಿ ಪ್ರಕಾರ ಒಂದು, ಎರಡು ಇಲ್ಲಾ ಮೂರು ತಗೊಳ್ಳೂದು, ಕಡೀ ಬೀಜ ಯಾರ ಕೈಗೆ ಬರ್ತೈತಿ ಅವರು ಗೆದ್ದಂಗ. "ನೀ ಸಣ್ಣಾಕಿ, ನೀನ ಮೊದಲ ಆಡು" ಅಂತಾನ, ಆದ್ರೂ ಪ್ರತಿ ಸಲ ಆಕಿನ ಸೋಲ್ತಾಳ. ಮೊನ್ನೆ ಅತ್ತಬಿಟ್ಳು. ಇದರಾಗ ಏನರ ಮೋಸ ಐತೇನ್ರಿ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಅಕ್ಕಾರ, ಮೋಸ ಇರೂದು "ನೀನ ಮೊದಲ ಆಡು" ಅನ್ನೋ ಮಾತಿನಾಗ. ಕೇಳಾಕ ದೊಡ್ಡಮನಸು ಅನಸ್ತೈತಿ, ಆದ್ರ 20 ಬೀಜ ಇಟ್ಟು ಮೊದಲ ಆಡಿದವರು ಸೋಲಾಕಬೇಕು, ಎದುರಿನವರಿಗೆ ಲೆಕ್ಕ ಗೊತ್ತಿದ್ರ.

ಇಂಥಾ ಆಟಾನ ಮೊದಲಿಂದ ನೋಡ್ಕೋತ ಹೋದ್ರ ತಲಿ ಕೆಡ್ತೈತಿ, ಕಡಿಯಿಂದ ಹಿಂದಕ ಬರ್ರಿ. ನಿಮ್ಮ ಪಾಳಿ ಬಂದಾಗ 1, 2 ಇಲ್ಲಾ 3 ಬೀಜ ಉಳದಿದ್ರ ಎಲ್ಲಾ ಬಾಚ್ಕೊಂಡು ಗೆದ್ದಬಿಡ್ತೀರಿ. 4 ಉಳದಿದ್ರ? ಒಂದು ತಗೊಂಡ್ರ ಅವರಿಗೆ 3 ಉಳೀತಾವ, ಎರಡು ತಗೊಂಡ್ರ 2, ಮೂರು ತಗೊಂಡ್ರ 1, ಏನ ಮಾಡಿದ್ರೂ ಉಳದಿದ್ದನ್ನ ಅವರು ಬಾಚ್ಕೊಂತಾರ. ಅಂದ್ರ 4 ಸೋಲೋ ಜಾಗ. 5, 6, 7 ಇದ್ದಾಗ ಎದುರಿನವರ ಮುಂದ ಸರಿಯಾಗಿ 4 ಬಿಟ್ಟು ಕುಂದ್ರಬಹುದು, ಹಂಗಾಗಿ ಅವು ಗೆಲ್ಲೋ ಜಾಗ, 8 ಮತ್ತ ಸೋಲು, ಹಿಂಗ 12, 16, 20. ನಾಕರ ಮಗ್ಗಿ ಪೂರಾ ಸೋಲ. ನಿಮ್ಮ ತಮ್ಮ ಮಾಡೂದು ಇಷ್ಟ, ಆಕಿ ಒಂದು ತಗೊಂಡ್ರ ಅಂವ ಮೂರು, ಆಕಿ ಎರಡು ಅಂದ್ರ ಅಂವನೂ ಎರಡು, ಆಕಿ ಮೂರು ಅಂದ್ರ ಅಂವ ಒಂದು, ಪ್ರತಿ ಸುತ್ತಿಗೆ ಇಬ್ಬರದೂ ಸೇರಿ 4 ಬೀಜ ಹೋಗ್ತಾವ, ಐದನೇ ಸುತ್ತಿಗೆ ಕಡೀ ಬೀಜ ಅಂವನ ಕೈಯಾಗ.

ಇವತ್ತ ಮಗಳಿಗೆ ಹೇಳಿಕೊಡ್ರಿ, "ಮಾವಾ, ಈ ಸಲ ನೀ ಮೊದಲ" ಅನ್ನಲಿ. ಅಂವ ಒಪ್ಪಲಿಲ್ಲ ಅಂದ್ರ ಇನ್ನೊಂದು ಬೀಜ ಸೇರ್ಸಿ 21 ಮಾಡಿ, ತಾನ ಮೊದಲ ಒಂದು ತಗೊಂಡು 20 ಅಂವನ ಮುಂದ ಬಿಡಲಿ. ಆಮ್ಯಾಲೆ ಅಂವ "ನಾಕರ ತನಕ ತಗೋಬಹುದು" ಅಂತ ರೂಲ್ ಬದಲ ಮಾಡಬಹುದು, ಹುಷಾರು, ಆಗ ಐದರ ಮಗ್ಗಿ ಸೋಲು, 20 ಅದರಾಗೂ ಬರ್ತೈತಿ! ಐದರ ತನಕ ಅಂದ್ರ ಆರರ ಮಗ್ಗಿ, ಆಗ 20 ಇದ್ರೂ ಮೊದಲ ಆಡಿದವರು 2 ತಗೊಂಡು 18 ಬಿಟ್ರ ಗೆದ್ದಂಗ.

ಇನ್ನೊಂದು ನೀವ ಹಾಕಿ ನೋಡ್ರಿ. ಒಂದು, ಮೂರು ಇಲ್ಲಾ ನಾಕು ತಗೋಬಹುದು, ಎರಡು ತಗೊಳ್ಳಂಗಿಲ್ಲ. ಈಗ ಸೋಲೋ ಜಾಗ 2, 7, 9, 14, 16. ಇದು ನನಗ ಭಾಳ ಸೇರ್ತೈತಿ, ಯಾಕಂದ್ರ ಮಗ್ಗಿ ಒಂದ ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿ ಬೀಳ್ತಾರ, ಹಾಳಿ ಮ್ಯಾಲೆ ಸೊನ್ನಿಯಿಂದ ಒಂದೊಂದ ಬರ್ಕೋತ ಬಂದವರು ದಾರಿ ತಪ್ಪಂಗಿಲ್ಲ.

ಪ್ರಶ್ನೆ: ಸರ್, ಹಾಸ್ಟೆಲ್‌ನಾಗ ನಾವು ಶೇಂಗಾದ ಮೂರು ಗುಂಪು ಮಾಡಿ ಆಡ್ತೀವಿ, 3, 5, 7. ಯಾವುದರ ಒಂದ ಗುಂಪಿನಿಂದ ಎಷ್ಟು ಬೇಕಾದ್ರೂ ತಗೋಬಹುದು, ಕಡೀ ಶೇಂಗಾ ತಗೊಂಡವ ಗೆದ್ದ. ಇದಕ್ಕೂ ಟ್ರಿಕ್ ಐತಾ?
– ಹತ್ತನೇ ತರಗತಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ಐತಪ್ಪಾ, ಮತ್ತ ಅದು ನೂರಕ್ಕೂ ಹೆಚ್ಚು ವರ್ಷ ಹಳೇದು. ಈ ಆಟಕ್ಕ "ನಿಮ್" (Nim) ಅಂತಾರ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಿತಜ್ಞ ಚಾರ್ಲ್ಸ್ ಬೌಟನ್ 1901ರಾಗ ಇದರ ಪೂರ್ತಿ ಉತ್ತರ ಬರದು ಛಾಪಿಸಿದ, ಆ ಹೆಸರು ಇಟ್ಟಾವನೂ ಅಂವನ. 1940ರಾಗ ನ್ಯೂಯಾರ್ಕ್‌ನ ವರ್ಲ್ಡ್ ಫೇರ್‌ನಾಗ ಇದನ್ನ ಆಡೋ ಮಷೀನ್ ಇಟ್ಟಿದ್ರು.

ಕಿರಾಣಿ ಅಂಗಡಿ ತಕ್ಕಡಿ ನೆನಪು ಮಾಡ್ಕೋ. ನಿನ್ನ ಹತ್ರ 4, 2, 1ರ ತೂಕದ ಕಲ್ಲು ಅಷ್ಟ ಅದಾವ, ಒಂದ ಗುಂಪಿಗೆ ಒಂದ ನಮೂನಿ ಕಲ್ಲು ಒಂದ ಸಲ. 3 ಅಂದ್ರ 2 ಮತ್ತ 1. 5 ಅಂದ್ರ 4 ಮತ್ತ 1. 7 ಅಂದ್ರ 4, 2, 1. ಈಗ ಕಲ್ಲು ಜೋಡಿ ಮಾಡು. ನಾಕರ ಕಲ್ಲು ಎರಡು, ಜೋಡಿ ಆತು. ಎರಡರವೂ ಎರಡು, ಆತು. ಒಂದರವು ಮೂರು ಅದಾವ, ಒಂದು ಒಂಟಿ ಉಳೀತು. ನೀ ಮೊದಲ ಆಡೂದಾದ್ರ ಆ ಒಂಟಿನ ತಗದಬಿಡು, ಯಾವ ಗುಂಪಿನಿಂದ ಒಂದ ಶೇಂಗಾ ತಗೊಂಡ್ರೂ ನಡೀತೈತಿ. ಎಲ್ಲಾ ಜೋಡಿ ಇದ್ದಾಗ ಎದುರಿನಾವ ಒಂದ ಗುಂಪು ಮುಟ್ಟಿದ್ರ ಜೋಡಿ ಕೆಡಲಾಕಬೇಕು, ನೀ ಮತ್ತ ಸರಿ ಮಾಡಬಹುದು, ಹಿಂಗ ನಡೀಕೋತ ಕಡೀ ಶೇಂಗಾ ನಿನಗ. ಈಗ ನೀ 7ನ್ನ 6 ಮಾಡಿದಿ, ಅಂವ ಆ 6ರಾಗ ಐದು ತಗದ ಅಂತ ತಿಳ್ಕೋ, ಉಳದದ್ದು 3, 5, 1. ನಾಕರದು ಒಂಟಿ, ಎರಡರದು ಒಂಟಿ, ಒಂದರವು ಮೂರು. ನೀ 5ರಿಂದ ಮೂರು ತಗೊಂಡು 2 ಬಿಡು, 3, 2, 1 ಆತು, ಕೂಡಿಸಿ ನೋಡು, ಎಲ್ಲಾ ಜೋಡಿ. ಕಂಪ್ಯೂಟರ್ ಪಾಠದಾಗ ಬರೋ ಬೈನರಿ ಅಂದ್ರ ಇದ ನೋಡಪ್ಪಾ.

ಪ್ರಶ್ನೆ: ಕಡೀದು ತಗೊಂಡವ ಸೋಲ್ತಾನ ಅಂತ ಆಡಿದ್ರ?
– ಅದೇ ಹಾಸ್ಟೆಲ್‌ನ ಇನ್ನೊಬ್ಬ

ಉತ್ತರ: ಮೊದಲಿನಂಗ ಜೋಡಿ ಮಾಡ್ಕೋತ ಹೋಗು. ಒಂದ ಗುಂಪು ಮಾತ್ರ ದೊಡ್ಡದು, ಉಳದವು ಎಲ್ಲಾ ಒಂದೊಂದ ಶೇಂಗಾ ಅಂತ ಆದಾಗ ತಿರುಗಸು, ಒಂದೊಂದರ ಗುಂಪು ಬೆಸ ಸಂಖ್ಯೆ ಉಳಿಯೂಹಂಗ ತಗೋ. ಹುಣಸಿಬೀಜದ ಆಟದಾಗ ಆದ್ರ ಸೋಲೋ ಜಾಗ 1, 5, 9, 13, 17, ಅಂದ್ರ 20 ಇದ್ದಾಗ ಮೊದಲನೇ ಪಾಳಿಗೆ 3 ತಗೋಬೇಕು.

ಪ್ರಶ್ನೆ: ಎಣಿಸೂದು ಇಲ್ದ ಗೆಲ್ಲೋ ಆಟ ಒಂದು ಹೇಳ್ರಿ, ಮೊಮ್ಮಗ ಇನ್ನೂ ಅಂಗನವಾಡಿ.
– ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ಗುರುಗಳ, ಗುಂಡನ ತಾಟು ತಗೋರಿ, ಒಂದ ಸೈಜಿನ ರೂಪಾಯಿ ನಾಣ್ಯ ಪಾಳಿ ಮ್ಯಾಲೆ ಇಡ್ರಿ, ಒಂದರ ಮ್ಯಾಲೊಂದು ಬರಂಗಿಲ್ಲ, ಇಡಾಕ ಜಾಗ ಸಿಗದವರು ಸೋತಂಗ. ಮೊದಲ ಮೊಮ್ಮಗ ಆಡಲಿ, ಸರಿಯಾಗಿ ನಟ್ಟನಡುವ ಇಡಲಿ. ಆಮ್ಯಾಲೆ ನೀವು ಎಲ್ಲಿ ಇಡ್ತೀರಿ, ನಡುವಿನ ನಾಣ್ಯದಾಚೆ ಅದರ ನೇರಕ್ಕ, ಅಷ್ಟ ದೂರದಾಗ ಅಂವ ಇಡಲಿ. ನಿಮಗ ಜಾಗ ಸಿಕ್ಕಿತ್ತು ಅಂದ ಮ್ಯಾಲೆ ಎದುರಿಗೆ ಅಂವಗೂ ಇದ್ದ ಇರ್ತೈತಿ. ಸ್ಟೀಲ್ ತಾಟಿನಾಗ ನಾಣ್ಯ ಜಾರ್ತಾವ, ತೆಳ್ಳಗ ಒಂದು ಅರಿವಿ ಹಾಸಿ ಆಡ್ರಿ.